ಉಸಿರಿನ ಸರದಿ

ಉಸಿರಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ಮರೆಯಬೇಕೆಂದರೂ ಮರೆಯಲಾಗುವುದಿಲ್ಲ ಎಂದು ನಾವೆಲ್ಲ ನಂಬಿಕೊಂಡಿರುತ್ತೇವೆ. ಬ್ಯಾಡಗಿಯ ಅಡಿವೆಪ್ಪ ಹೊಂಬಳ ಮರೆತಿದ್ದ. ಒಂದು ಕೆಟ್ಟ ಜ್ವರ ಬಂದು, ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಜಾಗವನ್ನು ಸುಟ್ಟು ಹೋಗಿತ್ತು. ಕೈಕಾಲು ನೆಟ್ಟಗಿದ್ದವು. ಬುದ್ಧಿ ನೆಟ್ಟಗಿತ್ತು. ನಾಲಿಗೆಯಂತೂ ಮೊದಲಿಗಿಂತ ಹರಿತವಾಗಿತ್ತು. ಉಸಿರೆಳೆದುಕೋ ಎಂದು ಎದೆಗೆ ಹೇಳುವವರು ಮಾತ್ರ ಯಾರೂ ಉಳಿದಿರಲಿಲ್ಲ.

ಆ ಕೆಲಸಕ್ಕೆಂದು ಹುಬ್ಬಳ್ಳಿಯ ಸಂಶೋಧನಾ ಕೇಂದ್ರವೊಂದರಲ್ಲಿ ಒಂದು ಯಂತ್ರ ತಯಾರಾಗಿತ್ತು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ಅದನ್ನು ಕೂರಿಸಿ, ಕೂದಲೆಳೆಯಂಥ ತಂತಿಗಳನ್ನು ಎದೆಯ ನರಕ್ಕೂ ಗಂಟಲಿಗೂ ಜೋಡಿಸುತ್ತಿದ್ದರು. ಕಡತದಲ್ಲಿ ಅದಕ್ಕೆ ಒಂದು ಮಾರುದ್ದದ ಹೆಸರಿತ್ತು. ಬಾಯಲ್ಲಿ ಎಲ್ಲರೂ ಅದನ್ನು ಉಸಿರಾಳು ಎನ್ನುತ್ತಿದ್ದರು.

ಉಸಿರಾಳಿನೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವ ಸಾಫ್ಟ್‌ವೇರ್ ಬರೆದವಳು ಶಬಾನಾ ನದಾಫ. ಬರೀ ಉಸಿರಾಡಿಸುವುದಾಗಿದ್ದರೆ ಅವಳ ಅಗತ್ಯವೇ ಇರಲಿಲ್ಲ, ಒಂದು ಗಡಿಯಾರ ಸಾಕಾಗುತ್ತಿತ್ತು. ಎಳೆ, ಬಿಡು, ಎಳೆ, ಬಿಡು. ಅದು ಸರದಿಯ ಕೆಲಸ, ಹೊತ್ತಿಗೆ ಸರಿಯಾಗಿ ಆಗಲೇಬೇಕಾದದ್ದು. ಆದರೆ ಮನುಷ್ಯ ನುಂಗುತ್ತಾನೆ, ಮಾತಾಡುತ್ತಾನೆ, ಕೆಮ್ಮುತ್ತಾನೆ, ಸೀನುತ್ತಾನೆ, ನಗುತ್ತಾನೆ. ಇವು ಹೇಳಿ ಕೇಳಿ ಬರುವುದಿಲ್ಲ. ಒಂದು ತುತ್ತು ಗಂಟಲಲ್ಲಿ ಇಳಿಯಬೇಕಾದರೂ ಆ ಗಳಿಗೆಗೆ ಉಸಿರು ನಿಲ್ಲಬೇಕು, ಇಲ್ಲದಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಹಾಗಾಗಿ ಇವೆಲ್ಲ ಯಂತ್ರದ ಲೆಕ್ಕದಲ್ಲಿ ಕರೆಗಳು. ಕರೆ ಬಂದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಓಡಬೇಕು, ಮುಗಿಸಿ ಬಂದು ಬಿಟ್ಟ ಕೆಲಸ ಎತ್ತಿಕೊಳ್ಳಬೇಕು. ಎರಡು ಕರೆ ಒಟ್ಟಿಗೆ ಬಂದರೆ ಯಾವುದಕ್ಕೆ ಮೊದಲು ಎಂಬ ದರ್ಜೆಯನ್ನು ಶಬಾನಾಳೇ ಬರೆದಿದ್ದಳು. ಎಲ್ಲಕ್ಕಿಂತ ಮೇಲೆ ಕೆಮ್ಮು, ಆಮೇಲೆ ನುಂಗುವುದು, ಮಾತು, ಕಟ್ಟಕಡೆಗೆ ನಗು. ಶ್ವಾಸಕೋಶದ ಬಾಗಿಲಲ್ಲಿ ಏನೋ ಬಿದ್ದಿದೆ ಎಂದು ಕೂಗಿ ಹೇಳುವುದು ಕೆಮ್ಮು. ಅದು ಕೂಗಿದಾಗ ಮಿಕ್ಕಿದ್ದೆಲ್ಲ ನಿಲ್ಲಬೇಕು ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಅಡಿವೆಪ್ಪ ಕೇಂದ್ರದ ಗಾಜಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಇದ್ದ. ಸೋಸಿದ ಗಾಳಿ, ತೊಳೆದ ನೆಲ. ಅಲ್ಲಿ ಉಸಿರಾಳು ಒಂದು ದಿನವೂ ತಪ್ಪಲಿಲ್ಲ. ಮನೆಗೆ ಹೋಗುವ ಮೊದಲ ರೋಗಿ ಇವನೇ ಎಂದು ಗೊತ್ತಾದಾಗ ಶಬಾನಾ ಅವನನ್ನೂ ಅವನ ಹೆಂಡತಿ ನೀಲವ್ವನನ್ನೂ ಕೂರಿಸಿಕೊಂಡು ಮನೆಯ ಸಂಗತಿ ಕೇಳಿದಳು.

"ಕಾಕಾ, ಜ್ವರ ಬರೂಕಿಂತ ಮೊದಲ ದಿನಕ್ಕ ಎಷ್ಟು ಸಲ ಕೆಮ್ಮತಿದ್ರಿ?"

"ಕೆಮ್ಮಾ?" ಅಡಿವೆಪ್ಪನಿಗೆ ಅವಮಾನವಾದಂತಿತ್ತು. "ನಮ್ಮ ಮನಿತನದಾಗ ಕೆಮ್ಮಿನ ಹೆಸರ ಇಲ್ಲ."

"ಖರೇನ್ರೀ ಬಾಯಾರ," ಎಂದಳು ನೀಲವ್ವ. "ಬೇಕಾರ ಗೊರಕಿ ಕೇಳ್ರಿ, ರಾತ್ರಿಯೆಲ್ಲಾ ಕೂತು ಬರೀಬೇಕಾಗತೈತಿ."

ಶಬಾನಾ ಕೆಮ್ಮಿನ ಜಾಗದಲ್ಲಿ 'ಇಲ್ಲ' ಎಂದು ಗುರುತು ಹಾಕಿದಳು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಹೆಬಸೂರ ಒಂದೇ ಷರತ್ತು ಹಾಕಿದರು. ಮನೆಯಲ್ಲಿ ಉಸಿರಾಳು ಕೈಕೊಟ್ಟರೆ ಅಡಿವೆಪ್ಪ ಗಾಜಿನ ಕೋಣೆಗೆ ಮರಳಬೇಕು. ಅದು ಸರಿಹೋಗುವವರೆಗೆ ಅಲ್ಲೇ ಇರಬೇಕು, ಸರಿಹೋಗದಿದ್ದರೆ ಬದುಕಿದಷ್ಟು ಕಾಲವೂ ಅಲ್ಲೇ.

ಅವನನ್ನು ಕಳಿಸಿದ್ದು ಮೆಣಸಿನಕಾಯಿ ಸುಗ್ಗಿ ಶುರುವಾಗುವ ಹೊತ್ತಿನಲ್ಲಿ. ಇದರಲ್ಲೇನೋ ಇದೆ ಎಂದು ಹುಬ್ಬಳ್ಳಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬ್ಯಾಡಗಿಯಲ್ಲಿ ಅದನ್ನು ಯಾರೂ ಹೇಳುವಂಥ ಸಂಗತಿ ಅಂದುಕೊಳ್ಳಲಿಲ್ಲ.

ನೀಲವ್ವನ ಫೋನ್ ಬಂದಾಗ ಶಬಾನಾ ನಿಗಾ ಕೋಣೆಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದಳು.

"ಬಾಯಾರ, ಇವರು ನೀಲಿ ಆಗ್ಯಾರ! ತುಟಿ ನೀಲಿ ಆಗ್ಯಾವು!"

ಹಿಂದಿನಿಂದ ಕೆಮ್ಮಿನ ಸದ್ದು ಕೇಳಿಸುತ್ತಿತ್ತು. ಒಂದರ ಬಾಲ ಹಿಡಿದು ಇನ್ನೊಂದು, ನಡುವೆ ಬಿಡುವಿಲ್ಲ. ಶಬಾನಾ ಪರದೆಯತ್ತ ತಿರುಗಿದಳು. ಪರದೆ ತುಂಬ ಹಸಿರು. ಬಂದ ಕರೆಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಓಗೊಡಲಾಗಿದೆ ಎಂದು ಯಂತ್ರ ವರದಿ ಕೊಡುತ್ತಿತ್ತು. ಅಷ್ಟು ಚುರುಕಾಗಿ ಅದು ಹಿಂದೆಂದೂ ಕೆಲಸ ಮಾಡಿರಲಿಲ್ಲ.

"ಯಂತ್ರ ಛಲೋ ನಡದೈತಿ ಅಂತ ಇಲ್ಲಿ ತೋರಸಾಕತ್ತೈತಲ್ಲ ನೀಲವ್ವಾ..."

"ನಿಮ್ಮ ಯಂತ್ರದ್ದು ಯಾರು ಕೇಳಿದ್ರು? ನಾ ನನ್ನ ಗಂಡಂದು ಹೇಳಾಕತ್ತೀನಿ!"

ಆಗ ಶಬಾನಾಳ ಕಣ್ಣು ಪರದೆಯ ತಳದ ಸಾಲಿಗೆ ಹೋಯಿತು. ಉಸಿರು: ಮುಂದೂಡಲಾಗಿದೆ. ಮತ್ತೆ, ಮುಂದೂಡಲಾಗಿದೆ. ಮತ್ತೆ ಅದೇ. ಪ್ರತಿ ಸಲ ಉಸಿರಿನ ಸರದಿ ಬಂದಾಗ ಒಂದು ಕೆಮ್ಮು ಬಾಗಿಲಲ್ಲಿ ನಿಂತಿತ್ತು. ಯಂತ್ರ ಶಿಸ್ತಿನಿಂದ ಉಸಿರನ್ನು ಕೆಳಗಿಟ್ಟು ಕೆಮ್ಮಿನ ಹಿಂದೆ ಓಡಿತ್ತು. ಮುಂದೂಡಿದ್ದು ತಪ್ಪಿದ್ದರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಕೆಂಪು ದೀಪ ಉರಿದಿರಲಿಲ್ಲ.

ಅವಳು ಎಲ್ಲ ಕರೆಗಳನ್ನೂ ಮುಚ್ಚುವ ಗುಂಡಿಯನ್ನು ಒತ್ತಿದಳು. ಕೆಮ್ಮು ತುಂಡಾಯಿತು. ಫೋನಿನಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಉದ್ದಕ್ಕೆ ಎಳೆದ ಒಂದು ಉಸಿರು ಕೇಳಿಸಿತು, ಅದರ ಬೆನ್ನಿಗೆ ನೀಲವ್ವನ ಅಳು.

ಅಡಿವೆಪ್ಪ ಅಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಬಂದ. ದಾರಿಯುದ್ದಕ್ಕೂ ಗಡಿಯಾರದಂತೆ ಉಸಿರಾಡುತ್ತಿದ್ದ. ಕರೆಗಳು ಮುಚ್ಚಿದ್ದರಿಂದ ಗುಟುಕು ನೀರು ನುಂಗಲಾರ, ಒಂದು ಮಾತು ಆಡಲಾರ. ಗಾಜಿನ ಕೋಣೆಗೆ ತಂದು ಕರೆಗಳನ್ನು ತೆರೆದ ಮೇಲೆ ಮೊದಲಿನಂತಾದ. ತೆರೆದ ಕೂಡಲೆ ಅವನಂದದ್ದು, "ಈ ಮೀನಿನ ಡಬ್ಬಿಯೊಳಗ ಮತ್ತ ತಂದು ಹಾಕಿದ್ರೇನು?"

ಹೆಬಸೂರರು ಒಳ್ಳೆಯ ವೈದ್ಯರು, ಜಗಳಗಂಟರಲ್ಲ. "ನೋಡು ಶಬಾನಾ," ಎಂದರು, "ಕೆಮ್ಮಿಗೆ ಮ್ಯಾಲಿನ ದರ್ಜೆ ಕೊಟ್ಟದ್ದ ತೊಂದರಿ ಆಗಿದ್ರ, ಕೆಳಗ ಇಳಸು."

ಅವಳು ಇಳಿಸಿದಳು. ಅದು ಮೂರು ದಿನವೂ ನಡೆಯಲಿಲ್ಲ. ಬೆಳಗಿನ ಚಹಾದ ಒಂದು ಹನಿ ಅಡ್ಡದಾರಿ ಹಿಡಿಯಿತು. ಕೆಮ್ಮು ಕರೆ ಕಳಿಸಿತು. ಯಂತ್ರ, ಉಸಿರು ಆಗಲಿ ತಡಿ ಎಂದು ಅದನ್ನು ಹೊರಗೆ ನಿಲ್ಲಿಸಿ, ಗಂಟಲು ತೆರೆದು, ಹನಿಯನ್ನು ಗಾಳಿಯ ಜೊತೆಗೇ ಒಳಗೆಳೆದುಕೊಂಡಿತು. ಅಡಿವೆಪ್ಪ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ವಾರಗಟ್ಟಲೆ ಮಲಗಿದ.

ಕೆಮ್ಮಿಗೆ ತಕ್ಷಣ ಓಗೊಟ್ಟರೆ ಉಸಿರಿಲ್ಲ. ಓಗೊಡದಿದ್ದರೆ ಶ್ವಾಸಕೋಶವಿಲ್ಲ. "ಇಲ್ಲೇ ಇರಲಿ ಬಿಡು," ಎಂದರು ಹೆಬಸೂರ. "ಊಟ ಐತಿ, ಹಾಸಿಗಿ ಐತಿ, ಜೀವ ಐತಿ. ಇನ್ನೇನು ಬೇಕು?"

ಗಾಜಿನ ಆಚೆ ನೀಲವ್ವ ಬುತ್ತಿ ಹಿಡಿದು ಕೂತಿದ್ದಳು. ಒಳಗೆ ಹೊರಗಿನ ಅಡುಗೆ ಬಿಡುತ್ತಿರಲಿಲ್ಲ. ಪ್ರತಿ ವಾರ ಬಸ್ಸು ಹತ್ತಿ ಬರುತ್ತಿದ್ದಳು, ರೊಟ್ಟಿ ಕಟ್ಟಿಕೊಂಡೇ ಬರುತ್ತಿದ್ದಳು, ಗಂಡ ಗಾಜಿನೊಳಗಿಂದ ನೋಡುತ್ತಿದ್ದಂತೆ ಅದನ್ನು ಕಾವಲುಗಾರನಿಗೆ ಕೊಟ್ಟು ಹೋಗುತ್ತಿದ್ದಳು. ಇದನ್ನು ನೋಡಿದ ಮೇಲೆ ಶಬಾನಾಳಿಗೆ ಇನ್ನೇನು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವಿರಲಿಲ್ಲ. ಅವಳಿಗೆ ಬಗೆಹರಿಯದ ಲೆಕ್ಕ ಬೇರೆ. ಕೆಮ್ಮಿನ ಹೆಸರೇ ಇಲ್ಲದ ಮನೆಯಲ್ಲಿ ಒಂದು ಮಧ್ಯಾಹ್ನಕ್ಕೆ ಅಷ್ಟೊಂದು ಕೆಮ್ಮು ಎಲ್ಲಿಂದ ಬಂತು?

ಗಾಳಿಯ ದೂಳು ಅಳೆಯುವ ಡಬ್ಬಿ ಹಿಡಿದು ಅವಳು ಬ್ಯಾಡಗಿಗೆ ಹೋದಳು.

ಬಸ್ ನಿಲ್ದಾಣದಲ್ಲೇ ಮೊದಲ ಸೀನು ಬಂತು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಆದರೆ ಮಾರುಕಟ್ಟೆಗೆ ಬರುವುದು ಅದೊಂದೇ ಅಲ್ಲ, ಆಂಧ್ರದ ಖಾರದ ಕಾಯಿಯೂ ಲಾರಿಗಟ್ಟಲೆ ಇಲ್ಲಿಗೇ ಬರುತ್ತದೆ. ಸುಗ್ಗಿಯಲ್ಲಿ ಊರ ಮೇಲೆ ಒಂದು ಕೆಂಪು ಘಾಟು ಕೂತಿರುತ್ತದೆ. ಹೊಂಬಳರ ಮನೆ ತಲುಪುವ ಹೊತ್ತಿಗೆ ಶಬಾನಾಳ ದುಪಟ್ಟಾದ ಒಂದು ತುದಿ ಪೂರ್ತಿ ಒದ್ದೆಯಾಗಿತ್ತು.

ಪಡಸಾಲೆಯಲ್ಲಿ ನೀಲವ್ವ, ಪಕ್ಕದ ಮನೆಯ ಕಲ್ಲವ್ವ, ಇನ್ನಿಬ್ಬರು ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು.

"ಹುಬ್ಬಳ್ಳಿ ಮೂಗು ಭಾಳ ನಾಜೂಕ," ಎಂದಳು ಕಲ್ಲವ್ವ. "ಒಳಗ ಬರ್ರಿ ಬಾಯಾರ. ಸೀನೂದು ಮುಗಿದ ಮ್ಯಾಲ ಬಂದ್ರೂ ನಡೀತೈತಿ."

ಶಬಾನಾ ಇನ್ನಷ್ಟು ಸೀನಿ, ಕಣ್ಣೊರೆಸಿಕೊಂಡು ಕೂತಳು. "ನಿಮಗ್ಯಾರಿಗೂ ಕೆಮ್ಮು ಬರೂದಿಲ್ಲೇನ್ರೀ?"

"ಯಾವ ಕೆಮ್ಮು?" ಎಂದ ಕಲ್ಲವ್ವ ಮುಖ ಆಚೆ ತಿರುಗಿಸಿ ಖಲ್ಲೆಂದು ಕೆಮ್ಮಿ, ಮತ್ತೆ ಇತ್ತ ತಿರುಗಿದಳು.

"ಇದು," ಎಂದಳು ಶಬಾನಾ.

"ಇದಾ? ಅಯ್ಯ, ಇದು ಘಾಟ ಅಲ್ಲೇನವಾ. ಕೆಮ್ಮಂದ್ರ ಮಲಗಗೊಡೂದಿಲ್ಲ, ದವಾಖಾನಿ ತೋರಸ್ತೈತಿ. ಇದು ಹಗಲೆಲ್ಲಾ ಇರೂದು. ಇದನ್ನ ಯಾರು ಕೆಮ್ಮಂತಾರ?"

"ಮತ್ತ ನಾ ಕೇಳಿದಾಗ..."

"ನೀವು ಕೆಮ್ಮು ಕೇಳಿದ್ರಿ," ಎಂದಳು ನೀಲವ್ವ. ಮರುಕ್ಷಣ ಅವಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಯವ್ವಾ, ಅದನ್ನ ಹೇಳಬೇಕಿತ್ತೇನ್ರೀ?"

ಶಬಾನಾಳ ನಾಲಿಗೆಯ ತುದಿಗೆ ಒಂದು ಕೆಟ್ಟ ಮಾತು ಬಂದಿತ್ತು, ಅದು ನೀಲವ್ವನಿಗೆ ಹೇಳುವಂಥದ್ದಲ್ಲ, ತನಗೇ. ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಸುಮ್ಮನೆ ಕೂತಳು. ಬೇರೆ ಕೆಲಸವಿಲ್ಲದ್ದರಿಂದ ಹೆಂಗಸರನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಒಂದು ಸಂಗತಿ ಕಾಣತೊಡಗಿತು.

ನೀಲವ್ವನಿಗೆ ಘಾಟು ಬಡಿದಾಗ ಗಂಟಲು ಕಣ್ಣು ಮಿಟುಕಿಸಿದಷ್ಟು ಹೊತ್ತು ಬಿಗಿಯುತ್ತಿತ್ತು. ಅಷ್ಟೇ. ಕೆಮ್ಮು ಬರುತ್ತಿರಲಿಲ್ಲ. ಕೈ ನಿಲ್ಲುತ್ತಿರಲಿಲ್ಲ, ಮಾತು ನಿಲ್ಲುತ್ತಿರಲಿಲ್ಲ, ಉಸಿರು ತನ್ನ ಪಾಡಿಗೆ ನಡೆದಿರುತ್ತಿತ್ತು. ಮತ್ತೆ ಬಡಿದರೆ ಮತ್ತೆ ಅಷ್ಟೇ ಬಿಗಿತ. ಹೀಗೆ ನಾಲ್ಕಾರು ಸಲ ಒಟ್ಟಾದ ಮೇಲೆ, ಕೈಯ ಹಿಡಿ ಖಾಲಿಯಾದಾಗ, ಮುಖ ತಿರುಗಿಸಿ ಒಂದೇ ಒಂದು ಸಲ ಜೋರಾಗಿ ಕೆಮ್ಮಿ ಎಲ್ಲವನ್ನೂ ತೀರಿಸಿಬಿಡುತ್ತಿದ್ದಳು. ಕಲ್ಲವ್ವನೂ ಹಾಗೇ, ಮಿಕ್ಕಿಬ್ಬರೂ ಹಾಗೇ. ಹುಟ್ಟಿದಾಗಿನಿಂದ ಆ ಗಾಳಿ ಕುಡಿದ ಮೈಗಳು ತಾವೇ ಕಂಡುಕೊಂಡ ದಾರಿ ಅದು. ಹಾಗೆ ಮಾಡುತ್ತಿದ್ದೇವೆಂಬುದು ಅವರಿಗೇ ಗೊತ್ತಿರಲಿಲ್ಲ. ಶಬಾನಾಳ ಗಂಟಲಿಗೆ ಆ ಅಭ್ಯಾಸವಿರಲಿಲ್ಲ, ಬಂದದ್ದನ್ನೆಲ್ಲ ಬಂದಲ್ಲೇ ಕೆಮ್ಮುತ್ತಿತ್ತು. ಅವಳ ಉಸಿರಾಳಿಗೂ ಇರಲಿಲ್ಲ.

ಹುಬ್ಬಳ್ಳಿಗೆ ಮರಳಿ ಅವಳು ಕೆಮ್ಮಿನ ಕೆಲಸವನ್ನು ಎರಡು ತುಂಡು ಮಾಡಿದಳು. ಕರೆ ಬಂದ ಕೂಡಲೆ ಗಂಟಲು ಮುಚ್ಚುವುದು, ಅದು ಮೊದಲ ತುಂಡು. ಅದಕ್ಕೆ ತಡ ಸಲ್ಲದು, ಉಸಿರನ್ನೂ ನಿಲ್ಲಿಸಿ ಮಾಡಬೇಕು, ಆದರೆ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಕೆಮ್ಮಿ ಹೊರಹಾಕುವುದು ಎರಡನೆಯ ತುಂಡು. ಅದು ಸಾಲಿನಲ್ಲಿ ನಿಲ್ಲಬೇಕು. ಎಷ್ಟು ಕರೆ ಬಂದರೂ ಒಟ್ಟುಗೂಡಿ ಒಂದೇ ಕೆಮ್ಮು. ಉಸಿರಿನ ಸರದಿಯನ್ನು ಯಾರಿಗಾಗಿಯೂ ಎರಡನೆಯ ಸಲ ಮುಂದೂಡುವಂತಿಲ್ಲ. ಉಸಿರು ತನ್ನ ಪಾಲು ತೆಗೆದುಕೊಂಡು ಮಿಗುವ ಹೊತ್ತಿನಲ್ಲಿ ಕೆಮ್ಮು, ತುತ್ತು, ಮಾತು, ನಗು ಎಲ್ಲ ಹಂಚಿಕೊಂಡು ಬಾಳಬೇಕು.

ಅಡಿವೆಪ್ಪನಿಗೆ ಇದನ್ನು ಅವಳು ಬೇರೆ ಥರ ಹೇಳಿದಳು.

"ಮೊದಲ ಹೆಂಗಿತ್ತಂದ್ರ ಕಾಕಾ, ಬಾಗಲಾ ಬಡದಾವರನ್ನೆಲ್ಲಾ ಒಳಗ ಕರದು, ಕೂಡಿಸಿ, ಚಾ ಕೊಟ್ಟು ಕಳಸತಿತ್ತು. ಅಷ್ಟರಾಗ ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು. ಈಗ ಅಗಳಿ ಹಾಕಿ, ಕಿಟಕ್ಯಾಗಿಂದ 'ಕೂಡ್ರಿ, ಬಂದೆ' ಅಂತೈತಿ. ಹಾಲು ಇಳಿಸಿ ಆಮ್ಯಾಲ ಎಲ್ಲಾರ್ನೂ ಒಮ್ಮೆ ಮಾತಾಡಸ್ತೈತಿ."

"ಶಾಣ್ಯಾ ಆತು ಅನ್ನು," ಎಂದ ಅಡಿವೆಪ್ಪ.

"ಆದ್ರ ಘಾಟು ಜೋರಿದ್ದ ದಿನ ಮಿಕ್ಕ ಹೊತ್ತೆಲ್ಲಾ ಕೆಮ್ಮಿಗೇ ಹೋಗತೈತಿ. ನಿಮ್ಮ ಮಾತು ತುಂಡ ತುಂಡ ಆಗತಾವು. ಒಮ್ಮೆಗೆ ಒಂದು ಎರಡು ಶಬ್ದ. ಇಲ್ಲೇ ಗಾಜಿನ್ಯಾಗ ಇದ್ರ ಎಷ್ಟ ಬೇಕಾರ ಮಾತಾಡಬಹುದು."

ಅಡಿವೆಪ್ಪ ಯೋಚಿಸಿದ. ದಲಾಲಿ ಅಂಗಡಿಯಲ್ಲಿ ರೈತನಿಗೂ ಖರೀದಿದಾರನಿಗೂ ನಡುವೆ ನಿಂತು ಮಾತಿನಿಂದಲೇ ಬದುಕಿದವನು ಅವನು. "ಇಲ್ಲಿ ಯಾರ ಕೂಡ ಮಾತಾಡ್ಲಿ?" ಎಂದ. "ಈ ಗಾಜಿನ ಕೂಡ?"

"ತುಂಡ ಆದ್ರ ಆಗ್ಲಿ ಬಿಡ್ರಿ," ಎಂದಳು ನೀಲವ್ವ. ಅವಳ ದನಿಯಲ್ಲಿ ದುಃಖ ಅಷ್ಟೇನೂ ಕಾಣಲಿಲ್ಲ.

ಹೆಬಸೂರರು ಒಪ್ಪಿದರು, ಆದರೆ ಷರತ್ತನ್ನು ಬಿಗಿಮಾಡಿದರು. ಸುಗ್ಗಿಯ ದೊಡ್ಡ ಮಾರುಕಟ್ಟೆಯ ದಿನ ಅಡಿವೆಪ್ಪ ತನ್ನ ಪಡಸಾಲೆಯಲ್ಲಿ ಕೂರಬೇಕು. ಶಬಾನಾ ಪಕ್ಕದಲ್ಲಿರಬೇಕು, ಕರೆ ಮುಚ್ಚುವ ಗುಂಡಿ ಅವಳ ಕೈಯಲ್ಲಿರಬೇಕು. ಸಂಜೆಯೊಳಗೆ ಒಂದೇ ಒಂದು ಸಲ ಆ ಗುಂಡಿ ಒತ್ತಬೇಕಾಗಿ ಬಂದರೂ ಗಾಜಿನ ಕೋಣೆ ಖಾಯಂ.

ಆ ದಿನವೂ ಕಲ್ಲವ್ವ ಮತ್ತು ಮಿಕ್ಕ ಹೆಂಗಸರು ಪಡಸಾಲೆಯಲ್ಲಿ ತೊಟ್ಟು ಬಿಡಿಸುತ್ತ ಕೂತಿದ್ದರು. ಬಿಸಿಲೇರುತ್ತಿದ್ದಂತೆ ಮಾರುಕಟ್ಟೆಯ ಕಡೆಯಿಂದ ಗಾಳಿ ತಿರುಗಿತು. ಶಬಾನಾಳ ತೊಡೆಯ ಮೇಲಿನ ಪರದೆಯಲ್ಲಿ ಕರೆಗಳು ತಗಡಿನ ಮೇಲೆ ಮಳೆ ಬಿದ್ದಂತೆ ಬೀಳತೊಡಗಿದವು. ಗಂಟಲು ಬಿಗಿಯಿತು, ಬಿಟ್ಟಿತು. ಉಸಿರು. ಬಿಗಿಯಿತು, ಬಿಟ್ಟಿತು. ಉಸಿರು. ಆಮೇಲೆ ಅಡಿವೆಪ್ಪ ಊರವರಂತೆಯೇ ಮುಖ ತಿರುಗಿಸಿ ಒಂದು ಸಲ ಖಲ್ಲೆಂದು ಕೆಮ್ಮಿದ. ಮತ್ತೆ ಉಸಿರು. ತುಟಿ ಕೆಂಪಗೇ ಇತ್ತು. ಶಬಾನಾಳ ಹೆಬ್ಬೆರಳು ಗುಂಡಿಯ ಮೇಲಿಂದ ಕದಲಲಿಲ್ಲ.

"ನೀಲಾ," ಎಂದ ಅಡಿವೆಪ್ಪ. ಒಂದು ಉಸಿರು ಹೋಯಿತು. "ಚಾ."

ಕಲ್ಲವ್ವ ಕೈಯಲ್ಲಿದ್ದ ಕಾಯಿ ಬಿಟ್ಟಳು. "ಕೇಳಿದ್ಯೇನ ನೀಲವ್ವಾ? ಬೆಲ್ಲಾ ಕಡಿಮಿ ಯಾಕ, ನಿನ್ನಿದು ಯಾಕ ಹಂಗಿತ್ತು ಅನ್ನೂ ಪುರಾಣಿಲ್ದ ನಿನ್ನ ಗಂಡ ಚಾ ಕೇಳಿದ್ದು ಇವತ್ತ ಮೊದಲ ನೋಡು. ಬಾಯಾರ, ನಮ್ಮ ಓಣಿ ಗಂಡಸರಿಗೆಲ್ಲಾ ಒಂದೊಂದು ಈ ಆಳು ಹಚ್ಚಸ್ರಿ, ಪುಣ್ಯಾ ಬರತೈತಿ."

ಹೆಂಗಸರೆಲ್ಲ ನಕ್ಕರು. ಅಡಿವೆಪ್ಪ ನಗಲಿಲ್ಲ. ಅವನ ಕಣ್ಣು ಕಲ್ಲವ್ವನ ಮೇಲೆ ನೆಟ್ಟಿತ್ತು, ಮುಖ ಕಟ್ಟಿದಂತಿತ್ತು. ಸಿಟ್ಟಾದನೋ ಏನೋ ಎಂದು ನಗು ಅಲ್ಲಿಗೇ ಇಳಿಯಿತು. ನೀಲವ್ವ ಚಹಾಕ್ಕೆ ಎದ್ದಳು.

ಅಷ್ಟರಲ್ಲಿ ಕೆಳಗಿನ ಓಣಿಯ ಫಕ್ಕೀರಪ್ಪ ಬಂದು ಕಟ್ಟೆಯ ಮೇಲೆ ಕುಸಿದು ಕೂತ. ಟವೆಲಿನಿಂದ ಮುಖ ಒರೆಸಿಕೊಂಡ.

"ಎಮ್ಮಿ ಹೋತೋ ಅಡಿವೆಪ್ಪಾ," ಎಂದ. "ಮುಂಜಾನಿ ನಿಂತಿತ್ತು. ಹುಲ್ಲ ಹಾಕಿದೆ, ಮೂಸಿ ನೋಡ್ಲಿಲ್ಲ. ಡಾಕ್ಟರು ಬರೂದ್ರೊಳಗ ಹೋತು. ನನ್ನ ಮಾರಿ ನೋಡಕೋತ ಹೋತು."

ತೊಟ್ಟು ಬಿಡಿಸುವ ಕೈಗಳು ನಿಂತವು. ಕಲ್ಲವ್ವ ನಾಲಿಗೆ ಲೊಚಗುಟ್ಟಿದಳು. ಹೊರಗೆ ಗಾಳಿ ಸ್ವಲ್ಪ ತಗ್ಗಿತು. ಆ ಮೌನದ ನಟ್ಟನಡುವೆ ಅಡಿವೆಪ್ಪನ ಎದೆ ಅದುರಿತು.

ಕೆಮ್ಮಿನ ಅದುರಲ್ಲ ಅದು. ಭುಜ ಎರಡೂ ಕುಣಿದವು, ಹೊಟ್ಟೆ ಒಳಗೆಳೆದುಕೊಂಡಿತು, ಮುಖ ಕೆಂಪಾಯಿತು, ಕಣ್ಣಿನಲ್ಲಿ ನೀರು ಬಂತು. ಉಸಿರು ಒಂದು ಸರದಿ ನಿಂತಿತು. ಶಬಾನಾಳ ಹೆಬ್ಬೆರಳು ಗುಂಡಿಯನ್ನು ಅರ್ಧ ಒತ್ತಿತು. ಗಾಜಿನ ಕೋಣೆಯ ಬಾಗಿಲು ಅವಳಿಗೆ ಎದುರಿಗೇ ಕಂಡಂತಾಯಿತು. ಒತ್ತುವುದನ್ನು ತಡೆದು ಪರದೆಯ ತಳದ ಸಾಲನ್ನು ನೋಡಿದಳು. ಸಾಲಿನ ಕೊನೆಯಲ್ಲಿದ್ದ ಕರೆ ಎಷ್ಟೋ ಹೊತ್ತಿನಿಂದ ಕಾದು, ಮುಂದಿನವರೆಲ್ಲ ಸರಿದ ಮೇಲೆ, ಈಗ ಒಳಗೆ ಬಂದಿತ್ತು. ನಗು. ಅದರ ಬೆನ್ನಿಗೇ ಉಸಿರು ತನ್ನ ಸರದಿಗೆ ತಪ್ಪದೆ ಬಂತು.

ಅಡಿವೆಪ್ಪ ಹಹ್ಹಹ್ಹಾ ಎಂದು ಮನೆ ತುಂಬ ನಕ್ಕ.

ಫಕ್ಕೀರಪ್ಪ ಎದ್ದು ನಿಂತ. "ಏನೋ ಇದು! ನನ್ನ ಎಮ್ಮಿ ಸತ್ತದ್ದು ನಿನಗ ನಗೂವಂಥಾದ್ದೇನೋ?"

ಅಡಿವೆಪ್ಪ ಅಲ್ಲ ಅಲ್ಲ ಎಂದು ಕೈಯಾಡಿಸಿದ. ಮಿಕ್ಕ ಹೊತ್ತನ್ನೆಲ್ಲ ನಗುವೇ ತಿಂದಿತ್ತು, ಮಾತಿಗೆ ಏನೂ ಉಳಿದಿರಲಿಲ್ಲ. ಒಳಗಿನಿಂದ ಓಡಿಬಂದ ನೀಲವ್ವ ಗಂಡನ ಮುಖ ನೋಡಿದಳು, ಒಮ್ಮೆಗೇ ಗುರುತು ಹಿಡಿದಳು.

"ನಿಮ್ಮ ಎಮ್ಮಿಗೆ ಅಲ್ರೀ ಅಣ್ಣಾರ, ಕೂಡ್ರಿ. ಕಲ್ಲವ್ವ ಆಗ ಒಂದು ಮಾತಂದ್ಲಲ್ಲ, ಅದಕ್ಕ."

"ಆಗ ಅಂದ್ರ ಯಾವಾಗ?"

"ನೀವು ಬರೂಕಿಂತ ಮೊದಲ."

ಫಕ್ಕೀರಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಲ್ಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೆನ್ನು ತಿರುಗಿಸಿದ್ದಳು, ಅವಳ ಬೆನ್ನು ಅಲುಗುತ್ತಿತ್ತು. ಅವನು ನಂಬಲೋ ಬೇಡವೋ ಎಂಬಂತೆ ಮತ್ತೆ ಕಟ್ಟೆಯ ಮೇಲೆ ಕೂತ. ಶಬಾನಾ ಗುಂಡಿಯ ಮೇಲಿಂದ ಹೆಬ್ಬೆರಳು ತೆಗೆದು, ಬೆವರನ್ನು ದುಪಟ್ಟಾಕ್ಕೆ ಒರೆಸಿಕೊಂಡಳು.

ಗಂಟಲು ಬಿಗಿಯಿತು, ಬಿಟ್ಟಿತು. ಉಸಿರು. ಒಂದು ಕೆಮ್ಮು. ಉಸಿರು. ಅಡಿವೆಪ್ಪ ಕೈ ನೀಡಿ ಫಕ್ಕೀರಪ್ಪನ ಮಂಡಿಯ ಮೇಲಿಟ್ಟ. ತುಟಿ ತೆರೆದು ತನ್ನ ಸರದಿಗಾಗಿ ಕಾದ. ಎಲ್ಲರೂ ಕಾದರು.

"ಹಾಲು..." ಎಂದ. ಒಂದು ಉಸಿರು ಹೋಯಿತು. "ಛಲೋ ಕೊಡತಿತ್ತೋ." ಇನ್ನೊಂದು ಉಸಿರು. "ಪಾಪ."